ಅಮ್ಮಯಮ್ಮ ಹಲಗೆಯ ಮೇಲೆ ಬರೆದ ವಾಕ್ಯ

ನಂದಗುಡಿಯ ಅಮ್ಮಯಮ್ಮ ಹೊಸಕೋಟೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಅವರನ್ನು ಓದಿಸಿದ್ದು ಅಣ್ಣ ಜವರಪ್ಪ. ಹೆಣ್ಣಿಗೆ ಓದು ಯಾಕೆ ಎಂದು ನೆಂಟರು ಕೇಳಿದಾಗಲೆಲ್ಲ ಅವನು ತಂಗಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಸೈನ್ಯ ಸೇರಿ ಲಾರಿ ಓಡಿಸಲು ಸಿಂಗಪುರಕ್ಕೆ ಹೋದವನು, ಆ ಊರು ಜಪಾನಿನವರ ಪಾಲಾದಾಗ ಸೆರೆಯಾದ. ಯುದ್ಧ ಮುಗಿದ ಮೇಲೂ ಸುದ್ದಿಯಿಲ್ಲ. ಬೆಂಗಳೂರಿನ ಬಸ್ಸಿನಿಂದ ಖಾಕಿ ತೊಟ್ಟವರು ಯಾರಿಳಿದರೂ ಅಮ್ಮಯಮ್ಮ ಅವರ ನಡಿಗೆ ನೋಡುತ್ತಿದ್ದರು. ಅಣ್ಣನದು ಅಗಲವಾದ ಹೆಜ್ಜೆ.

1946ರಲ್ಲಿ ಹೆಡ್‌ಮಾಸ್ಟರ್ ಆದಿನಾರಾಯಣಪ್ಪ ಒಂದು ಪ್ರಬಂಧ ಸ್ಪರ್ಧೆ ಇಟ್ಟರು. ವಿಷಯ, ‘ಮಹಾಯುದ್ಧದ ನಂತರ ಶಾಂತಿ ಹೇಗೆ?’

ಅಮ್ಮಯಮ್ಮ ತರಗತಿಗೆ ಹೇಳಿದರು: “ಮೊದಲು ನಿಮ್ಮ ಪ್ರಬಂಧವನ್ನೆಲ್ಲ ಹೊರೋ ಅಂಥ ಒಂದು ವಾಕ್ಯ ಬರೀರಿ. ಒಪ್ಪಂದ ಹೇಗೆ ಮಾಡ್ಕೋತಾರೆ ಅಂತ ತಿಳಿಸಿದ್ರೆ ಅದು ವಿವರಣೆ. ಹಿಂದಿನ ಒಪ್ಪಂದ ಯಾಕೆ ಮುರೀತು ಅಂತ ಬಿಡಿಸಿ ನೋಡಿದ್ರೆ ವಿಶ್ಲೇಷಣೆ. ಹೀಗೇ ಆಗಬೇಕು ಅಂತ ಪಟ್ಟು ಹಿಡಿದ್ರೆ ವಾದ. ವಾದ ಹೂಡಿದವರು ಎದುರು ಪ್ರಶ್ನೆಗೂ ಉತ್ತರ ಕೊಡಬೇಕು.”

ಸೊಣ್ಣಮ್ಮ ಎಂಬ ಹುಡುಗಿ ಎದ್ದು ತನ್ನದನ್ನು ಓದಿದಳು: “ಸೋತವರನ್ನು ಮತ್ತೆ ತಲೆಯೆತ್ತದ ಹಾಗೆ ಶಿಕ್ಷಿಸುವುದೇ ಶಾಂತಿಗೆ ದಾರಿ.”

ವಾದ ಗಟ್ಟಿಯಾಗಿತ್ತು. ಅಮ್ಮಯಮ್ಮನಿಗೂ ಅದು ಹಿಡಿಸಿತು. ಅದನ್ನೇ ಹಲಗೆಯ ಮೇಲೆ ಬರೆದು ಕೆಳಗೆ ಕಾರಣಗಳನ್ನು ಬರೆಯಹೊರಟರು. ಆದರೆ ಎಂಥ ಶಿಕ್ಷೆಯನ್ನು ಯೋಚಿಸಿದರೂ ಅದರಿಂದ ಅಣ್ಣ ಮನೆಗೆ ಬರುತ್ತಿರಲಿಲ್ಲ. ಅಳಿಸಿ ಬೇರೆ ಬರೆದರು: “ಸೆರೆಸಿಕ್ಕವರೆಲ್ಲ ಮನೆ ಸೇರುವ ತನಕ ಯಾವ ಒಪ್ಪಂದವೂ ಶಾಂತಿಯಲ್ಲ.”

“ನಮ್ಮೋರ ಕೈಲಿರೋ ಜಪಾನಿನೋರೂನಾ, ಅಮ್ಮಾವ್ರೆ?” ಸೊಣ್ಣಮ್ಮ ಕೇಳಿದಳು.

ಅಮ್ಮಯಮ್ಮ ಕೈಗೆ ಹತ್ತಿದ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು.

“ಅವ್ರೂನು ಕಣಮ್ಮ,” ಎಂದರು.

ಮುಂದಿನ ಬೇಸಿಗೆ ರಜೆಯಲ್ಲಿ, ಜವರಪ್ಪನ ಜೊತೆ ಸೆರೆಯಲ್ಲಿದ್ದ ಮುನಿಸ್ವಾಮಿ ವಿಳಾಸ ಕೇಳಿಕೊಂಡು ನಂದಗುಡಿಗೆ ಬಂದ. ಇಬ್ಬರನ್ನೂ ಜಪಾನಿನವರು ನ್ಯೂಗಿನಿ ದ್ವೀಪಕ್ಕೆ ಸಾಗಿಸಿದ್ದರಂತೆ.

“ಜ್ವರ ಬಿಡ್ಲೇ ಇಲ್ಲ ಅಕ್ಕ. ನಾನೇ ಮಣ್ಣು ಮಾಡ್ದೆ,” ಎಂದ.

ಅಮ್ಮಯಮ್ಮ ಗೋಡೆಗೆ ಒರಗಿ ಕೂತರು. “ಎಂಥ ಜಾಗ?” ಎಂದು ಕೇಳಿದರು.

“ಸಮುದ್ರದ ದಂಡೆ. ತೆಂಗಿನ ಮರ ಅವೆ.”

“ಬಿಸಿಲು ಬೀಳ್ತದಾ?”

“ಸಂಜೆ ಹೊತ್ತು ಬೀಳ್ತದೆ.”

ಅವನಿಗೆ ಮುದ್ದೆ ಬಡಿಸಿ ಎದುರಿಗೆ ಕೂತರು. “ನನ್ ವಿಷ್ಯ ಏನಾದ್ರೂ ಮಾತಾಡ್ತಿದ್ನಾ?”

“ನನ್ ತಂಗಿ ಮೇಷ್ಟ್ರಾಗ್ತಾಳೆ ಅಂತ ಕಂಡಕಂಡೋರಿಗೆಲ್ಲ ಹೇಳೋನು.”

“ಹೆಂಗೆ ಹೇಳ್ತಿದ್ದ? ಅವನು ಅಂದಂಗೇ ಹೇಳಪ್ಪ.”

ಮುನಿಸ್ವಾಮಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಇನ್ನೊಮ್ಮೆ ಹೇಳಿದ.