ಚೀಲದ ತೂಕ ಬಿಟ್ಟು

ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ರಕ್ತನಾಳವೊಂದು ಹುರಿಹಗ್ಗದಷ್ಟು ದಪ್ಪಗೆ ಉಬ್ಬಿಕೊಂಡಿತ್ತು. ಅದರ ಮೇಲೆ ಮೂರು ಬೆರಳಿಟ್ಟರೆ ಒಳಗೆ ಗುಂಯ್ ಎನ್ನುವುದು ತಿಳಿಯುತ್ತಿತ್ತು. ಹಿಟ್ಟಿನ ಗಿರಣಿ ಓಡುತ್ತಿರುವಾಗ ಹೊರಗಿನ ಗೋಡೆಗೆ ಕೈ ಹಚ್ಚಿದರೆ ತಿಳಿಯುತ್ತದಲ್ಲ, ಹಾಗೆ. ಆ ಕೈಗೆ ಒಣಮೆಣಸಿನಕಾಯಿಯ ಘಾಟು ಅಂಟಿಕೊಂಡಿತ್ತು. ಸಾಬೂನು ಹಚ್ಚಿ ತೊಳೆಸಿ, ಮೇಲೆ ಔಷಧ ಒರೆಸಿದರೂ ಹೋಗುತ್ತಿರಲಿಲ್ಲ. ಸೂಜಿ ಹಿಡಿದು ಬಗ್ಗಿದೆನೆಂದರೆ ಮಾಸ್ಕಿನೊಳಗೇ ಸೀನು ಬರುತ್ತಿತ್ತು.

“ಮೊದಲ ಸೀನಿ ಮುಗಿಸವ್ವ, ಆಮ್ಯಾಲ ಚುಚ್ಚು. ಬ್ಯಾಡಗಿ ಕೈ ಇದು,” ಎನ್ನುತ್ತಿದ್ದರು.

ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲರಾಗಿದ್ದವರು. ಅರ್ಧ ಆಯುಷ್ಯ ಬೆನ್ನ ಮೇಲೆ ಚೀಲ ಹೊತ್ತರು. ಎರಡೂ ಕಿಡ್ನಿ ಕೆಟ್ಟ ಮೇಲೆ ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಮುಂಜಾನೆಯ ರೈಲು ಹತ್ತಿ ರಾಣೆಬೆನ್ನೂರಿಗೆ ಬರುತ್ತಿದ್ದರು. ಆರು ಹಾಸಿಗೆಯ ನಮ್ಮ ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ಕಿಟಕಿ ಪಕ್ಕದ್ದು ಅವರ ಜಾಗ. ಫೈಲಿನ ಮೇಲೆ ಅವರಿಗೊಂದು ಹೆಸರಿತ್ತು. ಆದರೆ ಎಲ್ಲರಿಗೂ ಅವರು ಹಮಾಲ ಕಾಕಾ. ನನಗೂ ಅಷ್ಟೇ.

ನನ್ನ ಊರು ಕುಪ್ಪೇಲೂರು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವರಲ್ಲಿ ನಾನು ಎರಡನೆಯವಳು, ಪದವಿ ಪಡೆದವರಲ್ಲಿ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪಿಯುಸಿ ಸೈನ್ಸ್‌ಗೆ ದಿನಾ ಬಸ್ಸಿನಲ್ಲಿ ನಿಂತು ರಾಣೆಬೆನ್ನೂರಿಗೆ ಬಂದೆ. ಆಮೇಲೆ ಮೂರು ವರ್ಷ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ಡಯಾಲಿಸಿಸ್ ಟೆಕ್ನಾಲಜಿ ಓದಿದೆ. ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಅದೆಂಥ ಓದು ಎಂದು ಬಳಗದವರು ಕೇಳಿದಾಗ ನಮ್ಮವ್ವ, “ನನ ಮಗಳು ರಕ್ತಾ ತೊಳಿಯೂದು ಕಲ್ಯಾಕತ್ತಾಳ,” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಅದಕ್ಕಿಂತ ಚೆನ್ನಾಗಿ ನಮ್ಮ ಪ್ರೊಫೆಸರೂ ಹೇಳಿರಲಿಲ್ಲ.

ಓದು ಮುಗಿದ ಮೇಲೆ ಒಂದು ವರ್ಷ ಕೇಂದ್ರವೊಂದರಲ್ಲಿ ತರಬೇತಿ ಮಾಡಬೇಕು. ಹಾಗೆ ರಾಣೆಬೆನ್ನೂರಿಗೆ ಬಂದೆ. ಬಂದ ದಿನವೇ ಸೀನಿಯರ್ ಟೆಕ್ನಿಶಿಯನ್ ನನ್ನ ಕೈಗೆ ಒಂದು ಪುಸ್ತಕ ಕೊಟ್ಟರು. ಮಷಿನ್ ಸಿದ್ಧಮಾಡುವುದು, ನೀರಿನ ಪರೀಕ್ಷೆ, ರೋಗಿಯ ತೂಕ, ಸೂಜಿ ಹಾಕುವುದು, ಮುಗಿದ ಮೇಲೆ ರಕ್ತ ಮರಳಿಸುವುದು, ಹೀಗೆ ಒಂದೊಂದಕ್ಕೆ ಒಂದೊಂದು ಪುಟ. ಈಕೆ ತಾನೇ ಮಾಡಬಲ್ಲಳು ಎಂದು ಅವರಿಗೆ ಖಾತ್ರಿಯಾದಾಗ ಪುಟದ ಕೆಳಗೆ ಸಹಿ ಬೀಳುತ್ತದೆ. ಒಂದು ಸಹಿ ಬೀಳದಿದ್ದರೂ ಸರ್ಟಿಫಿಕೇಟ್ ಇಲ್ಲ, ನೌಕರಿಯೂ ಇಲ್ಲ.

ಎರಡು ತಿಂಗಳಾದರೂ ಸೂಜಿಯ ಪುಟ ಖಾಲಿಯೇ ಇತ್ತು. ಯಾವ ರೋಗಿಯೂ ಕೈ ಕೊಡಲಿಲ್ಲ. “ಹೊಸಾಕಿ ಬ್ಯಾಡ್ರಿ ಸರ, ನೀವ ಬರ್ರಿ,” ಎನ್ನುತ್ತಿದ್ದರು. ಅವರದು ತಪ್ಪಲ್ಲ. ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸಿ, ತಿಂಗಳುಗಟ್ಟಲೆ ಕಾದು ತಯಾರಾದ ಕೈ ಅದು. ಅದರಲ್ಲಿ ಪ್ರತಿ ಸಲ ಎರಡು ದಪ್ಪ ಸೂಜಿ ಕೂರಬೇಕು. ಒಂದರಿಂದ ರಕ್ತ ಮಷಿನ್ನಿಗೆ ಹೋಗಿ, ಶುದ್ಧವಾಗಿ, ಇನ್ನೊಂದರಿಂದ ಒಳಗೆ ಬರುತ್ತದೆ. ಆ ಕೈ ಕೆಟ್ಟರೆ ಮನುಷ್ಯನಿಗೆ ಉಸಿರಾಡುವ ದಾರಿ ಕೆಟ್ಟಂತೆ. ಪರೀಕ್ಷೆಯಲ್ಲಿ ಎಷ್ಟು ಮಾರ್ಕ್ಸ್ ಬಂದಿದ್ದರೇನು, ಯಾರಿಗೆ ಬೇಕು ಅದು?

ಒಂದು ಸೋಮವಾರ ಹಮಾಲ ಕಾಕಾ ಸೀನಿಯರನ್ನು ಕರೆದರು.

“ಸರ, ಈ ಹುಡುಗಿ ಎರಡ ತಿಂಗಳಾತು, ನನ್ನ ಕೈ ಬರೇ ಮುಟ್ಟಿ ನೋಡಿ ಹೊಕ್ಕಾಳ. ಇವತ್ತ ಆಕಿನ ಚುಚ್ಚಲಿ.”

ಸೀನಿಯರ್ ಹಿಂದೆಮುಂದೆ ನೋಡಿದರು. ಕಾಕಾ ಬಿಡಲಿಲ್ಲ. ಎಡಗೈಯಿಂದ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ ಮೇಲೆ ಅವರು ಯಾರ್ಡಿನಲ್ಲಿ ದಬ್ಬಣ ಹಿಡಿದು ತುಂಬಿದ ಚೀಲಗಳ ಬಾಯಿ ಹೊಲಿಯುತ್ತಿದ್ದರು. ಸೂಜಿ ಹಿಡಿಯುವವರ ಕೈ ನೋಡಿದರೆ ಕಲಿಯುತ್ತದೋ ಇಲ್ಲವೋ ತನಗೆ ತಿಳಿಯುತ್ತದೆ ಎಂದು ವಾದಿಸಿದರು.

ಅವತ್ತು ನನ್ನ ಕೈ ಅವರ ನಂಬಿಕೆ ಉಳಿಸಲಿಲ್ಲ. ಅರ್ಧ ಚುಚ್ಚಿ ಅಂಜಿ ನಿಂತೆ, ಮತ್ತೆ ಒತ್ತಿದೆ. ಸೂಜಿ ನಾಳದ ಆಚೆ ಗೋಡೆಯನ್ನೂ ತೂರಿತು. ನೋಡನೋಡುತ್ತಿದ್ದಂತೆ ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ಬಾವು ಎದ್ದಿತು. ಕಾಕಾ ಟವೆಲ್ ಕಚ್ಚಿ ಹಿಡಿದರು. ಸೀನಿಯರ್ ನನ್ನನ್ನು ಸರಿಸಿ ಮುಂದಿನದು ನೋಡಿಕೊಂಡರು. ನಾನು ನೀರಿನ ಘಟಕದ ಕೋಣೆಗೆ ಹೋಗಿ, ಪಂಪಿನ ಸದ್ದಿನಲ್ಲಿ ಯಾರಿಗೂ ಕೇಳಿಸದಂತೆ ಅತ್ತೆ.

ಗುರುವಾರ ಬಂದಾಗ ಅವರ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮಲಗಿದವರೇ ಅಂಗಿಯ ತೋಳು ಮಡಚಿ ಕೈಯನ್ನು ನನ್ನ ಮುಂದೆ ಚಾಚಿದರು.

“ದಬ್ಬಣ ಅಂಜಕೋಂತ ಹಾಕಿದ್ರ ಚೀಲ ಹರೀತೈತಿ. ಮೊನ್ನೆ ನೀ ಮಾಡಿದ್ದು ಅದನ. ಇವತ್ತ ಮ್ಯಾಲಿನ ಜಾಗಾ ಹಿಡಿ.”

ಸೀನಿಯರ್ ಪಕ್ಕದಲ್ಲೇ ನಿಂತರು. ಬಾವು ಬಿಟ್ಟು ಮೇಲೆ ಬೆರಳಿಟ್ಟೆ. ಗಿರಣಿ ಓಡುತ್ತಿತ್ತು. ಸೂಜಿ ಒಂದೇ ಓಟಕ್ಕೆ ಒಳಗೆ ಹೋಯಿತು, ನಳಿಕೆಯಲ್ಲಿ ಕೆಂಪು ಹೊಳೆಯಿತು. ಕಾಕಾ ನನ್ನ ಕಡೆ ನೋಡಲೂ ಇಲ್ಲ. ಪಕ್ಕದ ಹಾಸಿಗೆಯವರಿಗೆ, “ಬಿತ್ತು ನೋಡ ಹೊಲಿಗಿ,” ಎಂದರು. ಮರುವಾರದಿಂದ ಆ ಹಾಸಿಗೆಯವರೂ ಕೈ ಕೊಟ್ಟರು.

ನಾಲ್ಕು ತಾಸು ಮಲಗಿರುವಾಗ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ನನ್ನನ್ನು ‘ಟೆಕ್ನಿಶನ್ನವ್ವ’ ಎಂದು ಕರೆದು ಎಲ್ಲರಿಗೂ ಕೇಳುವಂತೆ ಕಾಡುತ್ತಿದ್ದರು. ರೋಗಿಗಳಿಗೆ ಡ್ರೈ ವೇಟ್ ಅಂದರೇನೆಂದು ಎಷ್ಟು ಹೇಳಿದರೂ ತಿಳಿಯುತ್ತಿರಲಿಲ್ಲ. ಕಿಡ್ನಿ ಕೆಟ್ಟವರು ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ, ಆ ನೀರು ತೆಗೆದ ಮೇಲೆ ಉಳಿಯುವುದು ನಿಜವಾದ ತೂಕ, ಎಂದು ನಾನು ಚಾರ್ಟ್ ತೋರಿಸಿ ಪಾಠ ಮಾಡುತ್ತಿದ್ದೆ. ಕಾಕಾ ನಡುವೆ ಬಾಯಿ ಹಾಕುತ್ತಿದ್ದರು. “ಏ, ಹಸಿ ಕಾಯಿ ತೂಕ ಬ್ಯಾರೆ, ಒಣಗಿದ ಕಾಯಿ ತೂಕ ಬ್ಯಾರೆ. ನಾವು ಹಸಿ ಕಾಯಿ ಆಗಿ ಬರ್ತೇವಿ, ಈಕಿ ಒಣಗಿಸಿ ಕಳಸ್ತಾಳ.” ಅಷ್ಟರಿಂದಲೇ ಎಲ್ಲರಿಗೂ ತಿಳಿಯಿತು.

ಅವರ ಒಣಗಿದ ಕಾಯಿಯ ತೂಕ ಆಗ ನಲವತ್ತೊಂಬತ್ತೂವರೆ ಕಿಲೋ.

ಚಳಿಗಾಲ ಬಂತು. ಅಷ್ಟರಲ್ಲಿ ಸೂಜಿಯ ಪುಟಕ್ಕೆ ಸಹಿ ಬಿದ್ದಿತ್ತು. ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು ಅನ್ನಿ. ಒಂದು ಮುಂಜಾನೆ ಮೂರು ಜನ ಒಟ್ಟಿಗೇ ಬಂದರು. ಕಾಕಾ ತೂಕದ ಮಷಿನ್ ಮೇಲೆ ಬಂದು ನಿಂತರು. ಐವತ್ಮೂರು ತೋರಿಸಿತು. ಬರೆದುಕೊಂಡೆ. ಮೂರೂವರೆ ಲೀಟರ್ ನೀರು ತೆಗೆಯಬೇಕು ಎಂದು ಡಯಾಲಿಸಿಸ್ ಮಷಿನ್ನಿಗೆ ಹೇಳಿ ಮುಂದಿನವರ ಕಡೆ ತಿರುಗಿದೆ.

ಮೂರನೆಯ ತಾಸಿಗೆ ಕಾಕಾ ಮೇಲಿಂದ ಮೇಲೆ ಆಕಳಿಸತೊಡಗಿದರು. ಆಮೇಲೆ ಕಾಲಿನ ಮೀನಖಂಡ ಹಿಡಿದುಕೊಂಡು ನರಳಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಕಣ್ಣು ಮೇಲೆ ಹೋಗಿತ್ತು. ಬಿಪಿ ಪಾತಾಳಕ್ಕೆ ಇಳಿದಿತ್ತು. ಸೀನಿಯರ್ ಓಡಿ ಬಂದು ನೀರು ತೆಗೆಯುವುದನ್ನು ನಿಲ್ಲಿಸಿದರು, ತಲೆ ತಗ್ಗಿಸಿ ಕಾಲು ಎತ್ತರಿಸಿದರು, ಸಲೈನ್ ಬಿಟ್ಟರು. ನಾನು ಕಾಲು ತಿಕ್ಕುತ್ತಲೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಅವರು ಕಣ್ಣು ಬಿಟ್ಟು ಗಂಟೆ ಎಷ್ಟಾಯಿತೆಂದು ಕೇಳಿದರು.

ಸೀನಿಯರ್ ನನ್ನನ್ನು ಬೈಯಲಿಲ್ಲ. ಹಾಸಿಗೆಯ ಕಾಲದೆಸೆಯಲ್ಲಿದ್ದ ಕಾಕಾನ ಕಂಬಳಿ, ಸ್ವೆಟರು, ಬುತ್ತಿಯ ಚೀಲ, ಕೆಳಗಿದ್ದ ಚಪ್ಪಲಿ, ಎಲ್ಲವನ್ನೂ ಎತ್ತಿಕೊಂಡು ಹೋಗಿ ತೂಕದ ಮಷಿನ್ ಮೇಲೆ ಇಟ್ಟು ನನ್ನ ಕಡೆ ನೋಡಿದರು. ಎರಡು ಕಿಲೋ. ಇವಿಷ್ಟನ್ನೂ ಮೈಮೇಲಿಟ್ಟುಕೊಂಡೇ ಅವರು ತೂಕಕ್ಕೆ ನಿಂತಿದ್ದರು. ಇಲ್ಲದ ಎರಡು ಲೀಟರ್ ನೀರನ್ನು ಅವರ ರಕ್ತದಿಂದ ತೆಗೆಯಲು ಹೊರಟಿದ್ದೆ ನಾನು.

ಸಂಜೆ ರೈಲಿಗೆ ಹೊರಡುವ ಮುನ್ನ ಕೇಳಿದೆ. ಕಂಬಳಿ ಮೈಮೇಲಿದ್ದದ್ದು ನಿಮಗೆ ಗೊತ್ತಿತ್ತಲ್ಲ ಕಾಕಾ, ಯಾಕೆ ಹೇಳಲಿಲ್ಲ, ಎಂದು.

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. “ತೂಗಾವ ತೂಗುವಾಗ ಹಮಾಲ ಬಾಯಿ ಬಿಡಬಾರದವ್ವ. ನಮ್ಮ ಯಾರ್ಡಿನ್ಯಾಗ ಹಂಗ ಐತಿ. ಚೀಲದ ತೂಕ ಬಿಡೂದು ತೂಗಾವನ ಕೆಲಸ. ನೀ ತೂಗಾಕಿ ಅಲ್ಲಾ?”

ಯಾರ್ಡಿನಲ್ಲಿ ಕಾಯಿ ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯುತ್ತಾರೆ. ಆಗ ಹಮಾಲ ನಡುವೆ ಮಾತಾಡಿದರೆ ರೈತನ ಕಡೆಯವನೋ ದಲಾಲರ ಕಡೆಯವನೋ ಎಂಬ ಅನುಮಾನ ಬರುತ್ತದೆ. ಅದಕ್ಕೇ ಬಾಯಿ ಮುಚ್ಚಿ ನಿಲ್ಲುವುದು ಅವರ ರೂಢಿ. ಆ ರೂಢಿಯನ್ನು ಅವರು ನಮ್ಮಲ್ಲಿಗೂ ತಂದಿದ್ದರು. ನನ್ನ ಕಸುಬಿಗೆ ಮರ್ಯಾದೆ ಕೊಟ್ಟು ಸುಮ್ಮನೆ ನಿಂತಿದ್ದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ.

ಎರಡು ದಿನ ಕುಪ್ಪೇಲೂರಿನ ಮನೆಯಿಂದ ಹೊರಬೀಳಲಿಲ್ಲ. ಈ ಕೆಲಸ ನನ್ನಿಂದಾಗದು ಎಂದು ಅವ್ವನಿಗೆ ಹೇಳಿಯೂ ಬಿಟ್ಟೆ. ಆದರೆ ಅವರ ಪಾಳಿಯ ದಿನ ಬಂದಾಗ, ತಪ್ಪಾಯಿತೆಂದು ಹೇಳಿ ಬಂದರಾಯಿತು ಎಂದು ಬಸ್ಸು ಹತ್ತಿದೆ.

ಕಾಕಾ ತೂಕದ ಮಷಿನ್ ಪಕ್ಕದಲ್ಲಿ ನಿಂತಿದ್ದರು. ಕಂಬಳಿ ಹೊದ್ದು, ಸ್ವೆಟರು ಹಾಕಿ, ಬುತ್ತಿಯ ಚೀಲ ಹೆಗಲಿಗೇರಿಸಿ. ಸೀನಿಯರಿಗೆ ತೂಗಲು ಕೊಟ್ಟಿರಲಿಲ್ಲವಂತೆ. ನನ್ನನ್ನು ಕಂಡವರೇ ಹಾಗೆಯೇ ಮೇಲೆ ಹತ್ತಿ, ಗೋಡೆ ನೋಡುತ್ತ ನಿಂತರು. ಬಾಯಿ ಬಿಡಲಿಲ್ಲ. ಮಷಿನ್ ಅಂಕಿ ತೋರಿಸುತ್ತಿತ್ತು. ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡುತ್ತಿದ್ದರು.

“ಕಾಕಾ, ಇಳೀರಿ. ಮೊದಲ ಚೀಲಾ ಬಿಚ್ಚ್ರಿ,” ಎಂದೆ.

ಇಳಿದರು. ಬುತ್ತಿ ಇಟ್ಟರು, ಕಂಬಳಿ ತೆಗೆದರು, ಸ್ವೆಟರು ಕಳಚಿದರು, ಚಪ್ಪಲಿ ಬಿಟ್ಟರು, ಟೋಪಿ ತೆಗೆದರು. ಕೊನೆಗೆ ಸೊಂಟದಿಂದ, ಬಟ್ಟೆಯಲ್ಲಿ ಸುತ್ತಿದ ದಬ್ಬಣವನ್ನೂ ತೆಗೆದು ನನ್ನ ಕೈಗೆ ಕೊಟ್ಟು, “ಇದೂ ತೂಕನ ಐತಿ,” ಎಂದರು. ಆಗಷ್ಟೇ ನಕ್ಕರು. ಆಮೇಲೆ ನಾನು ಒಂದು ದಿನವೂ ಕೆಲಸ ಬಿಡುವ ಮಾತೆತ್ತಲಿಲ್ಲ. ಎಲ್ಲ ಪುಟಗಳಿಗಿಂತ ಕಡೆಗೆ ಸಹಿ ಬಿದ್ದದ್ದು ತೂಕದ ಪುಟಕ್ಕೆ.

ಸರ್ಟಿಫಿಕೇಟ್ ಬಂದ ದಿನ ಅವರಿಗೆ ತೋರಿಸಿದೆ. ಓದಲು ಬರುತ್ತಿರಲಿಲ್ಲ. ಬಲಗೈಯಲ್ಲಿ ಅಂಚು ಹಿಡಿದು, ಅಂಗೈ ಮೇಲಿಟ್ಟು ತೂಗಿದಂತೆ ಮಾಡಿ, ಹಿಂದೆಮುಂದೆ ತಿರುಗಿಸಿ ನೋಡಿದರು. “ಎಲ್ಲಾ ಐತಿ ಇದ್ರಾಗ. ನನ್ನ ಕೈ ಎಲ್ಲಿ ಐತಿ?” ಎಂದು ಕೇಳಿದರು. ಚೇಷ್ಟೆಗೆ ಕೇಳಿದ್ದು. ನಾನೂ ನಕ್ಕೆ. ಆ ಪ್ರಶ್ನೆ ಇಂದಿಗೂ ನನ್ನ ಜೊತೆಗಿದೆ.

ಅದೇ ಕೇಂದ್ರದಲ್ಲಿ ನೌಕರಿ ಸಿಕ್ಕಿತು. ಈಗ ಹೊಸಬರ ಪುಸ್ತಕಕ್ಕೆ ನಾನೇ ಸಹಿ ಮಾಡುತ್ತೇನೆ. ಊರ ಕಡೆಯ ಹುಡುಗಿಯರು ಈ ಕೆಲಸಕ್ಕೆ ಏನು ಓದಬೇಕು ಅಕ್ಕಾ ಎಂದು ಕೇಳುತ್ತಾರೆ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೋ, ಡಿಪ್ಲೊಮಾ ಇಲ್ಲವೇ ಡಿಗ್ರಿ ಮಾಡು, ತರಬೇತಿ ಮುಗಿಸು ಎಂದು ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಉಳಿದದ್ದನ್ನು ಬರೆಸುವುದು ಹೇಗೆಂದು ನನಗೆ ತಿಳಿಯದು. ನಮ್ಮಲ್ಲಿ ತೂಕಕ್ಕೆ ನಿಲ್ಲಿಸುವ ಮೊದಲು “ಚೀಲಾ ಬಿಚ್ಚೀರೇನ್ರಿ?” ಎಂದು ಎಲ್ಲರೂ ಕೇಳುತ್ತಾರೆ. ಯಾಕೆ ಹಾಗೆ ಕೇಳುವುದೆಂದು ಹೊಸಬರಿಗೆ ಗೊತ್ತಿಲ್ಲ.

ಹೋದ ವರ್ಷ ಒಂದು ಗುರುವಾರ, ಎಂದಿನಂತೆ ಅವರ ಹೆಸರಿನ ಚೀಟಿಯಿದ್ದ, ರಕ್ತ ಸೋಸುವ ಫಿಲ್ಟರನ್ನು ತೊಳೆದು ಮಷಿನ್ನಿಗೆ ಕೂರಿಸಿ ಕಾಯುತ್ತಿದ್ದೆ. ರೈಲು ಬಂದು ಹೋಯಿತು. ಅವರು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಫೋನ್ ಮಾಡಿದರು. ಮುಂಜಾನೆ ರೈಲಿಗೆ ಹೊರಡಲೆಂದು ಚಹಾ ಕುಡಿದು ಕಂಬಳಿ ಹೊದ್ದುಕೊಂಡವರು ಹಾಗೆಯೇ ಗೋಡೆಗೆ ಒರಗಿದರಂತೆ. ಒಬ್ಬರ ಫಿಲ್ಟರು ಇನ್ನೊಬ್ಬರಿಗೆ ಬಳಸುವ ಹಾಗಿಲ್ಲ. ಅದನ್ನು ಬಿಚ್ಚಿ ಕಸದ ಡಬ್ಬಿಗೆ ಹಾಕುವಾಗ ಚೀಟಿಯನ್ನು ಮಾತ್ರ ಕಿತ್ತು ಇಟ್ಟುಕೊಂಡೆ.

ಮಧ್ಯಾಹ್ನ ಬ್ಯಾಡಗಿಗೆ ಹೋದೆ. ಮನೆ ಮುಂದೆ ಯಾರ್ಡಿನ ಹಮಾಲರೆಲ್ಲ ಕೆಲಸದ ಬಟ್ಟೆಯಲ್ಲೇ ನಿಂತಿದ್ದರು. ಕಾಕಾನ ಪಕ್ಕ ಕುಳಿತು, ಹೊದಿಸಿದ ಬಟ್ಟೆಯ ಕೆಳಗೆ ಕೈ ಹಾಕಿ, ಎಡಗೈ ಹುಡುಕಿ ಮೂರು ಬೆರಳು ಇಟ್ಟೆ. ಯಾಕೆ ಇಟ್ಟೆನೋ, ರೂಢಿ. ಗಿರಣಿ ನಿಂತಿತ್ತು. ಘಾಟು ಮಾತ್ರ ಹಾಗೆಯೇ ಇತ್ತು. ಸೀನು ಬಂತು, ಅದರ ಹಿಂದೆಯೇ ಕಣ್ಣೀರು.

ಚಟ್ಟವನ್ನು ನಾಲ್ಕು ಜನ ಹಮಾಲರು ಎತ್ತಿದರು. ಜೀವನವಿಡೀ ಭಾರ ಹೊತ್ತವರು. ಹೆಗಲಿಗೆ ಬಂದದ್ದನ್ನು ಅಳೆಯದೆ ಇರಲಾರರು. ಮುಂದಿದ್ದವರು, “ಭಾಳ ಹಗುರ ಆಗ್ಯಾನೋ,” ಎಂದರು. ಹಿಂದಿದ್ದವರು, “ನಲವತ್ತ ಕಿಲೋನೂ ಇರಲಿಕ್ಕಿಲ್ಲ,” ಎಂದರು.

ಸೋಮವಾರ ಕಡೆಯ ಸಲ ತೂಗಿದವಳು ನಾನು. ನಲವತ್ತೇಳು ಕಿಲೋ ಇನ್ನೂರು ಗ್ರಾಂ, ಚೀಲದ ತೂಕ ಬಿಟ್ಟು. ನಾಲಿಗೆಯ ತುದಿಗೆ ಬಂದಿತ್ತು. ಅವತ್ತು ತೂಗುವವರು ಆ ಹಮಾಲರು. ಬಾಯಿ ಬಿಡದೆ ನಿಂತೆ.