ಪೆಟ್ಟಿಗೆ ಕಟ್ಟುತ್ತಿದ್ದವನ ಗಡೀಪಾರು

ಒಂದು ರಟ್ಟಿನ ಪೆಟ್ಟಿಗೆಗೆ ಅವನು ತೆತ್ತ ಬೆಲೆ ಹನ್ನೊಂದು ವರ್ಷದ ಕತಾರ್ ಬದುಕು. ಕಾರಣ, ‘ಆಗುವುದಿಲ್ಲ’ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಮೊನ್ನೆ ಅಂಗಡಿಯಲ್ಲಿ ಕಂದು ಟೇಪಿನ ಹೊಸ ರೋಲು ಬಿಚ್ಚಿದಾಗ ಅಂಟಿನ ವಾಸನೆಗೆ ಆ ವೆಲ್ಡರ್ ನೆನಪಾದ...

ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ಹಾರ್ಡ್‌ವೇರ್ ಅಂಗಡಿಗೆ ತಾಗಿದ ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸ. ಊರಿಗೆ ಹೊರಟವರೆಲ್ಲ ಪೆಟ್ಟಿಗೆ ಕಟ್ಟಲು ಅವನನ್ನೇ ಕರೆಯುತ್ತಿದ್ದರು. ಅವನು ಬಿಗಿದ ಹಗ್ಗ ಬಿಚ್ಚಲು ಮಂಗಳೂರಿನಲ್ಲಿ ಕತ್ತಿಯೇ ಬೇಕು. ಪ್ರತಿಫಲ ಒಂದು ಗ್ಲಾಸು ಕರಕ್ ಚಹಾ, ಬೆನ್ನಿಗೆ ಎರಡು ತಟ್ಟು. ಅದನ್ನೇ ಮರ್ಯಾದೆ ಎಂದುಕೊಂಡಿದ್ದ, ಪಾಪದವ.

ಬೇರೆ ಕಂಪನಿಗೆ ಸೇರಲು ಅರ್ಜಿ ಹಾಕಿದ್ದೇ ತಡ, ಅವನು ಕೆಲಸ ಬಿಟ್ಟು ಓಡಿಹೋಗಿದ್ದಾನೆಂದು ವರ್ಕ್‌ಶಾಪಿನವರು ದೂರು ಕೊಟ್ಟರು; ಇಲ್ಲಿ ಅದು ಗಡೀಪಾರಿನ ಅಪರಾಧ. ದೂರು ಕೊಟ್ಟ ದಿನವೂ ಅವನು ಅಲ್ಲೇ ಗೇಟಿಗೆ ಬೆಸುಗೆ ಹಾಕುತ್ತಿದ್ದ! ಕೋರ್ಟಿಗೆ ಹೋಗಿ ಮುಖ ತೋರಿಸಿದರೆ ಅರ್ಧ ಮುಗಿಯುವ ಕೇಸು. ವಿಚಾರಣೆಯ ಬೆಳಿಗ್ಗೆ ಇವನು ದೂರದ ಮೆಸಯೀದ್‌ನಲ್ಲಿ, ನಮ್ಮೂರಿನವರೇ ಆದ ಮ್ಯಾನೇಜರೊಬ್ಬರ ಕ್ವಾರ್ಟರ್ಸಿನಲ್ಲಿ, ಅವರ ಪೆಟ್ಟಿಗೆ ಕಟ್ಟುತ್ತಿದ್ದ. ‘ನಿನ್ನ ಕಂಪನಿಗೆ ನಾನು ಹೇಳ್ತೇನೆ, ಕೋರ್ಟು ಎಂತಕ್ಕೆ?’ ಎಂದಿದ್ದರಂತೆ ಆ ಮಹಾನುಭಾವರು. ಹೇಳಲಿಲ್ಲ. ಇವನ ಗೈರಿನಲ್ಲೇ ಗಡೀಪಾರಿನ ಆದೇಶವಾಯಿತು.

ಆ ಕಾಗದ ಹಿಡಿದು ನಗುತ್ತಲೇ ಬಂದ. ಅಂಗಡಿಗೆ ಬೀಗ ಜಡಿದು ವಕೀಲರಲ್ಲಿಗೆ ಎಳೆದೊಯ್ದೆ. ಓಡಿಹೋಗಿಲ್ಲವೆಂದು ಕಂಡವರು ಬರೆದುಕೊಟ್ಟರೆ ವಾರದೊಳಗೆ ಆಕ್ಷೇಪಣೆ ಹಾಕಬಹುದು ಎಂದರು. ಹೊರಗೆ ಬಂದು, ಮ್ಯಾನೇಜರಿಗೆ ಮಾಡು ಎಂದು ಫೋನು ಅವನ ಕೈಗಿಟ್ಟೆ.

‘ಅವರು ಮಗಳ ಮದುವೆಗೆ ಹೋದದ್ದು ಮಾರಾಯ್ರೇ. ಮದುವೆ ಮನೆಗೆ ಫೋನ್ ಮಾಡಿ ಕೋರ್ಟು ಗೀರ್ಟು ಹೇಳುದಾ?’

‘ಆ ಮನೆಗೆ ನೀನು ಕಟ್ಟಿದ ಪೆಟ್ಟಿಗೆ ಹೋಗ್ಬಹುದು, ನಿನ್ನ ಕಷ್ಟ ಹೋಗ್ಬಾರ್ದಾ?’

‘ಬಂದ ಮೇಲೆ ಕೇಳುವ. ಒಳ್ಳೆ ಜನ ಅವರು.’

‘ಅವರು ಬರುವಾಗ ನೀನು ಖಲಾಸ್, ಬೋದಾಳ!’

ನಾನೇ ಫೋನು ಮಾಡಿದೆ. ಹಿಂದಿನಿಂದ ವಾಲಗ ಕೇಳುತ್ತಿತ್ತು. ‘ಯಾರು, ಪೆಟ್ಟಿಗೆ ಕಟ್ಟುವವನಾ? ಇಂಥದ್ದಕ್ಕೆಲ್ಲ ನನ್ನನ್ನು ಎಳೀಬೇಡಿ’ ಎಂದು ಇಟ್ಟುಬಿಟ್ಟರು. ಅದನ್ನು ಹೇಳಿದರೆ ಇವನು, ‘ಮದುವೆ ಗಡಿಬಿಡಿ ಅಲ್ವಾ...’ ಎಂದ.

ಆ ಮನುಷ್ಯನಿಂದಲೇ ಬರೆಸುವ ಹಟಕ್ಕೆ ಬಿದ್ದು ಮತ್ತೆ ಮತ್ತೆ ಫೋನು ಹಚ್ಚಿದೆ. ಗಡುವು ಮುಗಿಯಿತು. ಇವನನ್ನು ವಿಮಾನ ಹತ್ತಿಸಿದರು, ಇನ್ನು ಬರುವಂತಿಲ್ಲ. ಅವನನ್ನು ದಿನಾ ಕಾಣುತ್ತಿದ್ದವನು ನಾನು. ಆ ಎರಡು ಸಾಲು ನಾನೇ ಬರೆದುಕೊಡಬಹುದಿತ್ತೆಂದು ಹೊಳೆದದ್ದು ಆಮೇಲೆ...

ಮ್ಯಾನೇಜರರು ಈಗಲೂ ಇಲ್ಲಿನ ನಮ್ಮೂರವರ ಸಂಘದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಹಲ್ಲು ಕಿರಿಯುತ್ತ ಕೂರುತ್ತಾರೆ. ನಾನು ನಮಸ್ಕಾರ ಮಾಡುವುದಿಲ್ಲ. ವೆಲ್ಡರನ ದಡ್ಡತನವನ್ನೂ ಕ್ಷಮಿಸಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾತ್ರ, ಎದುರಿಗೆ ಅವನಿಲ್ಲದೆ ಊಟ ಬೇಗ ಮುಗಿದುಹೋಗುತ್ತದೆ.

ನೀವಾದರೂ ಕೇಳಿ. ಕೋರ್ಟಿನ ದಿನ ನೀವೇ ಹೋಗಿ. ದೊಡ್ಡವರ ಬಾಯಿಮಾತು ಅಲ್ಲಿ ಹಾಜರಿ ಹಾಕುವುದಿಲ್ಲ. ತಪ್ಪಿಹೋಗಿ ಆದೇಶವಾದರೆ ಕಾಗದವನ್ನು ಅದೇ ದಿನ ಬಲ್ಲವರಿಂದ ಓದಿಸಿ, ಆಕ್ಷೇಪಣೆಗೆ ಎಷ್ಟು ದಿನ ಇದೆಯೆಂದು ಮೊದಲು ತಿಳಿದುಕೊಳ್ಳಿ. ಸಾಕ್ಷಿಗೆ ಕೋಟು ಹಾಕಿದವರನ್ನು ಹುಡುಕುತ್ತ ಕೂರಬೇಡಿ. ಪಕ್ಕದ ಅಂಗಡಿಯವನನ್ನು ಕೇಳಿ. ಅವನಿಗೆ ತಾನಾಗಿ ಹೊಳೆಯಲಿಕ್ಕಿಲ್ಲ.