ಗುಳ್ಳವ್ವನ ಗಾಜಿನ ಪದಕ

ಮೊಮ್ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಡೆದ ಬಳೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಅವ್ವ ಚೂರುಗಳನ್ನು ಆರಿಸಿ ಒಂದು ಸಣ್ಣ ಗಡಿಗೆಯಲ್ಲಿ ಹಾಕಿಡುತ್ತಿದ್ದಳು. ಗಡಿಗೆ ಅಲ್ಲಾಡಿಸಿದರೆ ಗೆಜ್ಜೆಯಂಥ ಸದ್ದು. ನಮ್ಮೂರು ಡೋಣಿಯ ಹುಡುಗಿಯರಿಗೆ ಅದೇ ಆಟಿಕೆ, ಅದೇ ಬಂಗಾರ. ಚೂರಿನ ತುದಿಯನ್ನು ಚಿಮಣಿ ದೀಪದ ಉರಿಗೆ ಹಿಡಿದರೆ ಗಾಜು ಮೆತ್ತಗಾಗಿ ಬಾಗುತ್ತಿತ್ತು. ಒಂದರೊಳಗೊಂದು ಸಿಕ್ಕಿಸಿ ಸರ ಮಾಡಿ ಬಾಗಿಲಿಗೆ ಕಟ್ಟುತ್ತಿದ್ದೆವು.

ಆಷಾಢದ ಮಂಗಳವಾರ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಹಸಿ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಪೂಜಿಸುತ್ತಾರೆ. ಎಲ್ಲರ ಗುಳ್ಳವ್ವನಿಗೂ ಕುಸುಬೆ ಕಾಳು, ಗುಲಗಂಜಿಯ ಸಿಂಗಾರ. ಆ ವರ್ಷ ಅಕ್ಕನ ಲಗ್ನ ಗೊತ್ತಾಗಿತ್ತು. ತವರಿನಲ್ಲಿ ಅವಳು ಮಾಡುವ ಕೊನೆಯ ಗುಳ್ಳವ್ವ ಅದು. ಅದಕ್ಕೆ ನಾನೇ ಒಂದು ಗಾಜಿನ ಪದಕ ಮಾಡಬೇಕು, ಗಂಡನ ಮನೆಗೆ ಹೋದರೂ ಅಕ್ಕ ಅದನ್ನು ನೆನೆಯಬೇಕು ಎಂದು ನನ್ನ ಹಟ. ಸಂಜೆ ಓಣಿಯ ಹುಡುಗಿಯರು ಆರತಿಗೆ ಬರುವುದರೊಳಗೆ ಅದು ಮುಗಿಯಬೇಕಿತ್ತು.

ಕಪ್ಪತಗುಡ್ಡದ ಹಳ್ಳದಿಂದ ಅಪ್ಪ ತಂದುಕೊಟ್ಟ ಬಿಳಿ ಹರಳುಗಲ್ಲು ಒಂದಿತ್ತು. ಹೆಂಚಿನ ಚೂರಿನ ಮೇಲೆ ಅದನ್ನಿಟ್ಟು, ಸುತ್ತಲೂ ಹಸಿರು, ಕೆಂಪು ಬಳೆ ಚೂರು ಜೋಡಿಸಿದೆ. ಅಕ್ಕ ಅದನ್ನು ಒಲೆಯ ಕೆಂಡದಲ್ಲಿ ಇಳಿಸಿ ಊದುಗೊಳವೆ ಹಿಡಿದಳು. ಊದಿ ಊದಿ ಅವಳ ಗಲ್ಲ ಕೆಂಪಾದವು, ನನ್ನ ಕಣ್ಣು ಹೊಗೆಗೆ ನೀರಾಡಿದವು. ಕಡೆಗೂ ಚೂರುಗಳ ಅಂಚು ಕರಗಿ ಒಂದಕ್ಕೊಂದು ಅಂಟಿದವು. ಅಕ್ಕ ಇಕ್ಕಳದಿಂದ ಹೆಂಚನ್ನು ಹೊರಗಿಟ್ಟು ಹೂ ತರಲು ಹಿತ್ತಲಿಗೆ ಹೋದಳು. ಪದಕ ಥಳಥಳ ಹೊಳೆಯುತ್ತಿತ್ತು.

ಈಗ ಕೇಳಿ ನನ್ನ ಜಾಣತನ. ನಮ್ಮ ಮನೆಯಲ್ಲಿ ಹೂವಿರಲಿ, ಹಣ್ಣಿರಲಿ, ತೊಳೆಯದೆ ದೇವರಿಗೆ ಏರಿಸುವಂತಿರಲಿಲ್ಲ. ಬೂದಿ ಮೆತ್ತಿದ ಪದಕವನ್ನು ಗುಳ್ಳವ್ವನಿಗೆ ಹಾಗೇ ಹಾಕುವುದುಂಟೆ? ತಾಮ್ರದ ತಂಬಿಗೆ ತಂದೆ, ಭಕ್ತಿಯಿಂದ ನೀರು ಸುರಿದೆ.

ಚಟ್! ಚಟಪಟ!

ಅವ್ವ, ಅಕ್ಕ ಇಬ್ಬರೂ ಓಡಿ ಬಂದರು. ಪದಕ ಚೂರುಚೂರಾಗಿ ನೆಲದ ತುಂಬ ಹರಡಿತ್ತು, ಕಲ್ಲು ಉರುಳಿ ಒರಳಿನ ಬುಡ ಸೇರಿತ್ತು. ನಾನು ನಿಂತಲ್ಲೇ ಅಳತೊಡಗಿದೆ. ಅವ್ವ ನನ್ನ ಕೈಕಾಲು ತಿರುಗಿಸಿ ನೋಡಿ, "ಒಂದೂ ಚುಚ್ಚಿಲ್ಲ, ದೇವ್ರು ದೊಡ್ಡಾಂವ" ಎಂದಳು. ಅಕ್ಕನಿಗೋ ನಗು ತಡೆಯಲಾಗಲಿಲ್ಲ.

"ಏ ಹುಚ್ಚಿ, ಬೆಂಕ್ಯಾಗಿಂದ ಈಗ ಎದ್ದ ಬಂದಾಕಿಗಿ ತಣ್ಣೀರ್ ಜಳಕಾ ಮಾಡಸ್ತಾರೇನ? ಸಿಟ್ಟ ಬರೂದಿಲ್ಲೇನ ಆಕಿಗಿ?"

"ನಿಂದು ಕಡೀ ಗುಳ್ಳವ್ವ! ನಾ ಕೆಡಿಸಿಬಿಟ್ಟೆ!" ಎಂದು ನಾನು ಇನ್ನೂ ಜೋರಾಗಿ ಅತ್ತೆ.

"ಯಾರು ಅಂದ್ರು ಕೆಡ್ತು ಅಂತ? ಗುಳ್ಳವ್ವನ ಮೈ ಇನ್ನಾ ಹಸೀ ಐತಿ. ಜಲ್ದಿ ಬಾ, ಆ ಕಲ್ಲ ಹುಡುಕಿ ಕೊಡು."

ಅಕ್ಕ ಚಿಮಟಿಗೆಯಿಂದ ಒಂದೊಂದೇ ಚೂರನ್ನೆತ್ತಿ ಗುಳ್ಳವ್ವನ ಕೊರಳ ಸುತ್ತ ಹಸಿ ಮಣ್ಣಿನಲ್ಲಿ ಒತ್ತಿದಳು. ನಡುವೆ ಬಿಳಿ ಕಲ್ಲನ್ನು ನಾನೇ ಕೂರಿಸಿದೆ. ಸಂಜೆ ಆರತಿ ಬೆಳಗಿದಾಗ ಪ್ರತಿ ಚೂರಿನೊಳಗೂ ಒಂದೊಂದು ಪುಟ್ಟ ದೀಪ! ಹುಡುಗಿಯರು ಹಾಡುವುದನ್ನೇ ಮರೆತರು. "ಯಾವ ಪ್ಯಾಟ್ಯಾಗ ತಂದ್ರಿ ಈ ಸರಾ?" ಎಂದು ಒಬ್ಬಳು ಕೇಳಿದಳು. ಅಕ್ಕ ನನ್ನ ಕಡೆ ಕೈ ತೋರಿಸಿ, "ಈಕಿ ಮಾಡ್ಯಾಳ" ಎಂದಳು. ಜಳಕದ ಸಂಗತಿ ಹೊರಗೆ ಬಿಡಲೇ ಇಲ್ಲ. ಅಂಥ ಅಕ್ಕನನ್ನು ಕೊಟ್ಟ ದೇವರಿಗೆ ಇವತ್ತಿಗೂ ದೀಪ ಹಚ್ಚುವಾಗ ಕೈ ಮುಗಿಯುತ್ತೇನೆ.

ಈಗ ನೀವು ಗದಗಿನ ಮನೆಯಲ್ಲಿ ಕರೆಂಟಿನ ಪುಟ್ಟ ಕುಲುಮೆ ಇಟ್ಟುಕೊಂಡಿದ್ದೀರಿ. ಹೊಗೆಯಿಲ್ಲ, ಊದುವ ಕೆಲಸವಿಲ್ಲ. ಬಣ್ಣದ ಗಾಜು ಪೊಟ್ಟಣದಲ್ಲಿ ಬರುತ್ತದೆ, ಹರಳು ಡಬ್ಬಿಯಲ್ಲಿ ಬರುತ್ತದೆ. ಕರಗಿದ ಗಾಜು ತಾನಾಗಿ ತಣ್ಣಗಾಗುವವರೆಗೆ ಬಾಗಿಲು ತೆಗೆಯಬಾರದೆಂದು ನನಗೇ ಪಾಠ ಹೇಳುತ್ತೀರಿ. ಖರೆ, ನಿಮ್ಮ ಓಲೆ, ಪದಕ ನಮ್ಮವಕ್ಕಿಂತ ನುಣುಪು.

ಮೊನ್ನೆ ನಿಮ್ಮಲ್ಲೇ ಒಬ್ಬಳು ತಾನು ಮಾಡಿದ ಮೊದಲ ಪದಕವನ್ನು ಹಿಡಿದು ದೇವರ ಕೋಣೆಯ ಬಾಗಿಲಲ್ಲಿ ನಿಂತಳು. "ಅಜ್ಜಿ, ತೊಳದ ಇಡ್ಲೇನ?"

ನಾನು ಗಾಬರಿಯಲ್ಲಿ ಎದ್ದೇಬಿಟ್ಟೆ. "ತಡಿಯವಾ! ಮೊದ್ಲ ಮುಟ್ಟಿ ನೋಡ್ತೀನಿ."